ಜೈಲಿನಿಂದ ಹೊರಬಂದ ಟ್ರಾನ್ಸ್ ಮಹಿಳೆಗೆ: ಮೊದಲು ವಾಯಿದೆ, ಆಮೇಲೆ ಉಳಿದದ್ದು

ಜಾಮೀನಿನ ಮೇಲೆ ಹೊರಬಂದು ಮತ್ತೆ ಒಳಗೆ ಹೋಗುವವರೆಲ್ಲ ಹೊಸ ತಪ್ಪು ಮಾಡಿಯೇ ಹೋಗುತ್ತಾರೆ ಎಂದು ಜನ ತಿಳಿದಿದ್ದಾರೆ. ಕೋರ್ಟು ಕಟ್ಟೆಯಲ್ಲಿ ಒಂದು ದಿನ ಕುಳಿತು ನೋಡಿದರೆ ಬೇರೆಯೇ ಕಾಣುತ್ತದೆ. ವಾಯಿದೆ, ಅಂದರೆ ಕೋರ್ಟಿಗೆ ಹಾಜರಾಗಬೇಕಾದ ತಾರೀಖು, ತಪ್ಪಿರುತ್ತದೆ, ಸಮನ್ಸ್ ಹುಟ್ಟೂರಿನ ವಿಳಾಸಕ್ಕೆ ಹೋಗಿರುತ್ತದೆ, ಅದೂ ಹುಟ್ಟಿದಾಗ ಇಟ್ಟ ಗಂಡು ಹೆಸರಿನಲ್ಲಿ. ಅಲ್ಲಿ ಬಾಗಿಲು ತೆರೆದ ಅಣ್ಣನೋ ಚಿಕ್ಕಪ್ಪನೋ ‘ಅಂಥವರು ಇಲ್ಲಿಲ್ಲ’ ಎಂದು ಕಳಿಸಿರುತ್ತಾರೆ. ಆಮೇಲೆ ಜಾಮೀನುರಹಿತ ವಾರಂಟ್. ಒಂದು ರಾತ್ರಿ ಸಿಗ್ನಲ್ ಬಳಿ ಪೊಲೀಸರು ಹೆಸರು ಕೇಳಿದಾಗ ಅದು ಹೊರಬೀಳುತ್ತದೆ.

ಆದ್ದರಿಂದ ಈ ಬರಹದಲ್ಲಿ ಕೆಲಸ, ಮನೆ, ಪಿಂಚಣಿಗಳಿಗಿಂತ ಮೊದಲು ಕೋರ್ಟಿನ ತಾರೀಖು ಬರುತ್ತದೆ. ಕರ್ನಾಟಕದ ಜೈಲುಗಳಿಂದ ಹೊರಬರುವವರಿಗೂ, ಗೇಟಿನಾಚೆ ಅವರಿಗಾಗಿ ಕಾಯುವ ಗುರು (ಸಮುದಾಯದಲ್ಲಿ ತಾಯಿಯ ಸ್ಥಾನದ ಹಿರಿಯರು), ಚೇಲಾ (ಅವರ ಶಿಷ್ಯೆ), ಅಕ್ಕ, ತಂಗಿ, ಸಂಗಾತಿಗಳಿಗೂ ಇದನ್ನು ಬರೆದಿದ್ದೇನೆ.

ಒಳಗಿದ್ದಾಗಲೇ ಮಾಡಬೇಕಾದ್ದು

ಜೈಲಿನೊಳಗೆ ಕಾನೂನು ನೆರವು ಘಟಕ ಇರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರೋ ಅರೆಕಾನೂನು ಸ್ವಯಂಸೇವಕರೋ ಬಂದಾಗ ನಾಲ್ಕು ವಿವರಗಳನ್ನು ಬರೆಸಿಕೊಳ್ಳಿ: ಪ್ರಕರಣದ ಸಂಖ್ಯೆ, ಯಾವ ನ್ಯಾಯಾಲಯ, ಮುಂದಿನ ತಾರೀಖು, ಪ್ರತಿ ಕೇಸನ್ನೂ ಗುರುತಿಸುವ ಹದಿನಾರು ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ. ಒಬ್ಬರ ಮೇಲೆ ಎರಡು ಮೂರು ಠಾಣೆಗಳ ಕೇಸುಗಳಿರುವುದು ಅಪರೂಪವಲ್ಲ. ಒಂದರಲ್ಲಿ ಜಾಮೀನು ಸಿಕ್ಕ ಖುಷಿಯಲ್ಲಿ ಇನ್ನೊಂದರ ತಾರೀಖು ಮರೆತೇ ಹೋಗುತ್ತದೆ. ಪ್ರತಿ ಕೇಸಿಗೂ ಬೇರೆ ಬೇರೆ ಬರೆದುಕೊಳ್ಳಿ.

ಜಾಮೀನು ಆದೇಶ ಆಗಿಯೂ ಜಾಮೀನುದಾರರು ಸಿಗದೆ ಒಳಗೇ ಉಳಿದವರು ಕೇಳಿ. ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಕೊಟ್ಟ ನಿರ್ದೇಶನದ ಪ್ರಕಾರ, ಆದೇಶವಾಗಿ ಒಂದು ವಾರದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಅದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಆಗದಿದ್ದರೆ ಷರತ್ತು ಸಡಿಲಿಸಬಹುದೇ ಎಂದು ನ್ಯಾಯಾಲಯ ತಾನಾಗಿಯೇ ನೋಡಬಹುದು. ಹಣವೇ ಅಡ್ಡಿಯಾಗಿದ್ದರೆ ಕೇಂದ್ರ ಸರ್ಕಾರ 2023ರಲ್ಲಿ ತಂದ ಬಡ ಕೈದಿಗಳ ನೆರವಿನ ಯೋಜನೆಯಿದೆ. 2023ರಲ್ಲಿ ಅದನ್ನು ತಂದಾಗ ವಿಚಾರಣಾಧೀನ ಕೈದಿಯ ಜಾಮೀನಿಗೆ 40,000 ರೂಪಾಯಿವರೆಗೆ, ಶಿಕ್ಷೆಯಾದವರ ದಂಡ ಕಟ್ಟಲು 25,000 ರೂಪಾಯಿವರೆಗೆ ಅವಕಾಶವಿತ್ತು; ಈಗಿನ ಮಿತಿಯನ್ನು ಕೇಳಿ ತಿಳಿಯಿರಿ. ಕೆಲವು ಬಗೆಯ ಅಪರಾಧಗಳಿಗೆ ಅದು ಸಿಗುವುದಿಲ್ಲ. ಕೇಳದವರಿಗಂತೂ ಸಿಗುವುದೇ ಇಲ್ಲ.

ಎಚ್‌ಐವಿಗೆ ಅಥವಾ ಕ್ಷಯಕ್ಕೆ ಮಾತ್ರೆ ನುಂಗುತ್ತಿದ್ದರೆ ಜೈಲಿನ ಆಸ್ಪತ್ರೆಯಿಂದ ವರ್ಗಾವಣೆ ಚೀಟಿ ಬರೆಸಿಕೊಳ್ಳದೆ ಹೊರಡಬೇಡಿ. ಹೊರಗೆ ಕೇಂದ್ರ ಹುಡುಕುವಷ್ಟು ದಿನಕ್ಕೆ ಮಾತ್ರೆಯನ್ನೂ ಕೇಳಿ.

ಗೇಟಿನಲ್ಲಿ

ಬಿಡುಗಡೆ ಸಾಮಾನ್ಯವಾಗಿ ಸಂಜೆ ಆಗುತ್ತದೆ. ಕತ್ತಲಾದ ಮೇಲೆ ಒಬ್ಬಳೇ ರಸ್ತೆಯಲ್ಲಿ ನಿಲ್ಲುವ ಪರಿಸ್ಥಿತಿ ಬಾರದಂತೆ ಯಾರಾದರೂ ಬರುವ ಏರ್ಪಾಡು ಇರಲಿ. ಬರುವವರು ಹಾರ ತರದಿದ್ದರೂ ನಡೆಯುತ್ತದೆ. ಒಂದು ಸೀರೆ ಅಥವಾ ಚೂಡಿದಾರ್, ಚಪ್ಪಲಿ, ಬಾಚಣಿಗೆ, ರೇಜರ್ ಇರುವ ಚೀಲ ತರಲೇಬೇಕು. ತಿಂಗಳುಗಟ್ಟಲೆ ಗಂಡಸರ ಬ್ಯಾರಕ್‌ನಲ್ಲಿ ಇದ್ದು, ಮುಖದ ಕೂದಲು ತೆಗೆಯಲಾಗದೆ, ಪ್ಯಾಂಟು ಅಂಗಿಯಲ್ಲಿ ಹೊರಬಂದವಳಿಗೆ ಬಸ್ ಹತ್ತುವ ಮೊದಲು ತನ್ನ ಮುಖ ತನಗೆ ವಾಪಸು ಬೇಕಾಗಿರುತ್ತದೆ. ಇದನ್ನು ಶೋಕಿ ಎನ್ನುವವರು ಆ ಸ್ಥಿತಿಯಲ್ಲಿ ನಿಂತು ನೋಡಿಲ್ಲ.

ಒಳಗೆ ಹೋಗುವಾಗ ಜಮೆ ಮಾಡಿದ ಹಣ, ಓಲೆ, ಮೂಗುತಿ, ಗಡಿಯಾರಗಳ ಪಟ್ಟಿ ಕಚೇರಿಯಲ್ಲಿರುತ್ತದೆ. ಒಂದೊಂದನ್ನೇ ಎಣಿಸಿ ಪಡೆದು ಆಮೇಲೆ ಸಹಿ ಮಾಡಿ. ಮೊಬೈಲ್ ಮತ್ತು ಪರ್ಸ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಗಾಬರಿಯಾಗಬೇಡಿ. ಬಂಧನದ ಹೊತ್ತಿನಲ್ಲೇ ಪೊಲೀಸರು ಅವನ್ನು ಜಪ್ತಿ ಮಾಡಿ ಪಿ.ಎಫ್. (ಜಪ್ತಿ ವಸ್ತುಗಳ ಪಟ್ಟಿ) ಸಂಖ್ಯೆ ಹಾಕಿರಬಹುದು. ಅಂಥ ವಸ್ತುವನ್ನು ಮಧ್ಯಂತರವಾಗಿ ಬಿಡಿಸಿಕೊಳ್ಳಲು ನಿಮ್ಮ ವಕೀಲರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಠಾಣೆಗೆ ಅಲೆದರೆ ಪ್ರಯೋಜನವಿಲ್ಲ. ಪರ್ಸಿನಲ್ಲಿ ಆಧಾರ್ ಕಾರ್ಡ್ ಇತ್ತೆಂದಾದರೆ ಅದನ್ನೂ ಅರ್ಜಿಯಲ್ಲಿ ಬರೆಸಿ.

ಬಿಡುಗಡೆ ಪತ್ರವನ್ನು ಅಂದೇ ಜೆರಾಕ್ಸ್ ಮಾಡಿಸಿ, ಫೋಟೊ ತೆಗೆದು ನಂಬುವ ಒಬ್ಬರಿಗೆ ಕಳಿಸಿ. ಇಂಥ ದಿನದಿಂದ ಇಂಥ ದಿನದವರೆಗೆ ನೀವು ಎಲ್ಲಿದ್ದಿರಿ ಎನ್ನುವುದಕ್ಕೆ ಅದೊಂದೇ ಸಾಕ್ಷಿ. ನೀವು ಒಳಗಿದ್ದಾಗ ಇನ್ನೊಂದು ಕೋರ್ಟಿನಲ್ಲಿ ವಾಯಿದೆ ತಪ್ಪಿದ್ದರೆ ಆ ಪತ್ರವೇ ನಿಮ್ಮನ್ನು ಕಾಯುತ್ತದೆ.

ಮೊದಲ ವಾರ: ವಕೀಲರು, ತಾರೀಖು, ಸಹಿ

ಮರುದಿನವೇ ವಕೀಲರನ್ನು ಕಾಣಿ. ವಕೀಲರಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ, ತಾಲ್ಲೂಕಿನಲ್ಲಾದರೆ ಕಾನೂನು ಸೇವಾ ಸಮಿತಿಗೆ ಹೋಗಿ. ಫೋನ್ ಮಾಡುವುದಾದರೆ 15100. ವಕೀಲರ ಶುಲ್ಕವನ್ನು ಅವರೇ ಭರಿಸುತ್ತಾರೆ. ‘ಸರ್ಕಾರಿ ವಕೀಲರು ಕೆಲಸ ಮಾಡುವುದಿಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಕೆಲವರು ಮಾಡುವುದಿಲ್ಲ, ನಿಜ. ಆದರೆ ಸಾಲ ಮಾಡಿ ಹಿಡಿದ ಖಾಸಗಿ ವಕೀಲರು ವಾಯಿದೆಗೆ ಬಾರದೆ ಜೂನಿಯರ್‌ನನ್ನು ಕಳಿಸುವುದನ್ನೂ ನೋಡುತ್ತೇವಲ್ಲ. ನೆರವಿನ ವಕೀಲರು ಸರಿಯಿಲ್ಲದಿದ್ದರೆ ಬದಲಿಸಿಕೊಡಿ ಎಂದು ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದುಕೊಡಬಹುದು.

ಮೊಬೈಲಿನಲ್ಲಿ ಇ–ಕೋರ್ಟ್ಸ್ ಆ್ಯಪ್ ಹಾಕಿಕೊಂಡು ಸಿಎನ್‌ಆರ್ ಸಂಖ್ಯೆ ಕೊಟ್ಟರೆ ಮುಂದಿನ ತಾರೀಖು ಕಾಣುತ್ತದೆ. ಓದು ಬಾರದಿದ್ದರೆ ಓದುವ ಒಬ್ಬ ಚೇಲಾಗೆ ಈ ಕೆಲಸ ವಹಿಸಿ. ಹುಷಾರಿಲ್ಲದೆ ಹೋಗಲಾಗದ ದಿನ ವಕೀಲರಿಗೆ ಬೆಳಿಗ್ಗೆಯೇ ತಿಳಿಸಿದರೆ ಅವರು ಗೈರುಹಾಜರಿ ಮನ್ನಿಸುವ ಅರ್ಜಿ ಹಾಕುತ್ತಾರೆ. ವಕೀಲರ ಬಾಯಲ್ಲಿ ಅದು ‘ಇ.ಪಿ.’. ಮಧ್ಯಾಹ್ನ ತಿಳಿಸಿದರೆ ಅಷ್ಟರಲ್ಲಿ ವಾರಂಟ್ ಆಗಿರುತ್ತದೆ. ವಾರಂಟ್ ಆಗಿದೆ ಎಂದು ಗೊತ್ತಾದರೂ ಓಡಬೇಡಿ, ಸಿಮ್ ಬಿಸಾಡಬೇಡಿ. ವಕೀಲರ ಜೊತೆ ನೀವಾಗಿಯೇ ಹಾಜರಾಗಿ ವಾರಂಟ್ ರೀಕಾಲ್ ಮಾಡಿಸಿಕೊಳ್ಳಬಹುದು. ತಾನಾಗಿ ಬಂದವರನ್ನೂ ಹಿಡಿದು ತಂದವರನ್ನೂ ನ್ಯಾಯಾಧೀಶರು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಜಾಮೀನಿನಲ್ಲಿದ್ದು ಸಕಾರಣವಿಲ್ಲದೆ ಹಾಜರಾಗದಿರುವುದೇ ಬೇರೊಂದು ಅಪರಾಧ, ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ನಿಮಗಾಗಿ ಪಹಣಿ ಇಟ್ಟ ಜಾಮೀನುದಾರರಿಗೂ ನೋಟಿಸ್ ಹೋಗುತ್ತದೆ.

ಜಾಮೀನಿನ ಷರತ್ತುಗಳನ್ನು ಯಾರಿಂದಾದರೂ ಕನ್ನಡದಲ್ಲಿ ಓದಿಸಿ ಕೇಳಿ. ವಾರಕ್ಕೊಮ್ಮೆ ಠಾಣೆಯಲ್ಲಿ ಸಹಿ ಹಾಕಬೇಕೆಂದಿದ್ದರೆ ಸಣ್ಣ ನೋಟುಪುಸ್ತಕ ಒಯ್ದು ಅಲ್ಲಿನವರಿಂದ ಅದರಲ್ಲೂ ತಾರೀಖು ಹಾಕಿಸಿಕೊಳ್ಳಿ. ಜಿಲ್ಲೆ ಬಿಡಬಾರದೆಂದಿದ್ದರೆ ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಜಾತ್ರೆಗೆ, ಏಪ್ರಿಲ್–ಮೇ ಹೊತ್ತಿಗೆ ನಮ್ಮವರು ಸೇರುವ ತಮಿಳುನಾಡಿನ ಕೂವಾಗಂ ಜಾತ್ರೆಗೆ ಹೋಗುವುದಕ್ಕೂ ಮೊದಲೇ ಅನುಮತಿ ಬೇಕು. ಜೋಗತಿಯರೇ, ‘ತಾಯಿಯ ಸೇವೆಗೆ ಕೋರ್ಟು ಏನನ್ನುತ್ತದೆ’ ಎಂದುಕೊಳ್ಳಬೇಡಿ. ಅರ್ಜಿ ಹಾಕಿ ಕೇಳಿ. ಕೇಳಿದವರಿಗೆ ಅನುಮತಿ ಸಿಗುವುದುಂಟು.

ಎರಡು ಹೆಸರು, ಒಂದೇ ಕಡತ

ಎಫ್‌ಐಆರ್‌ನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಜನ ಕರೆಯುವುದು ಮತ್ತೊಂದು. ಕೋರ್ಟ್ ಹಾಲಿನ ಬಾಗಿಲಲ್ಲಿ ಗಂಡು ಹೆಸರು ಕೂಗಿದಾಗ, ಇಷ್ಟೊಂದು ಜನರ ಮುಂದೆ ಸೀರೆಯುಟ್ಟು ಎದ್ದು ನಿಲ್ಲಲು ಸಂಕೋಚವಾಗಿ ಹಿಂದಿನ ಬೆಂಚಿನಲ್ಲೇ ಕುಳಿತುಬಿಡುವವರಿದ್ದಾರೆ. ಹಾಲಿನೊಳಗೆ ಇದ್ದೂ ಗೈರುಹಾಜರಿ ಬೀಳುತ್ತದೆ.

ಇದಕ್ಕೆ ಪರಿಹಾರ ಎರಡು ಹೆಸರೂ ನ್ಯಾಯಾಲಯದ ಕಡತದಲ್ಲಿ ಸೇರುವಂತೆ ನೋಡಿಕೊಳ್ಳುವುದು. ‘ಆರೋಪಿಯನ್ನು ಈ ಹೆಸರಿನಿಂದಲೂ ಕರೆಯುತ್ತಾರೆ, ಈಗಿನ ವಿಳಾಸ ಇದು, ಫೋನ್ ಸಂಖ್ಯೆ ಇದು’ ಎಂದು ವಕೀಲರು ಒಂದು ಮೆಮೊ ಸಲ್ಲಿಸಿದರೆ ಸಾಕು. ಆಮೇಲೆ ಸಮನ್ಸ್ ಹುಟ್ಟೂರಿಗೆ ಹೋಗಿ ಮಾಯವಾಗುವುದು ತಪ್ಪುತ್ತದೆ. ಹೆಸರು ಕೂಗುವ ಸಿಬ್ಬಂದಿಗೆ ಮೊದಲೇ ಹೋಗಿ ‘ನಾನು ಬಂದಿದ್ದೇನೆ’ ಎಂದು ಹೇಳಿಡುವುದೂ ಒಂದು ದಾರಿ.

ಮುಂದೆ ಆಧಾರ್‌ನಲ್ಲಿ ಹೆಸರು, ಲಿಂಗ ಬದಲಾದಾಗಲೂ ಅದೇ ರೀತಿ ತಿಳಿಸಬೇಕು. ಕೇಸು ನಡೆಯುತ್ತಿರುವಾಗ ಹೇಳದೆ ಹೆಸರು ಬದಲಿಸಿದರೆ ತಲೆಮರೆಸಿಕೊಳ್ಳಲು ಮಾಡಿದ ಉಪಾಯ ಎಂದು ಸರ್ಕಾರಿ ಅಭಿಯೋಜಕರು ವಾದಿಸಲು ಅವಕಾಶ ಸಿಗುತ್ತದೆ. ಹೇಳಿ ಬದಲಿಸಿದರೆ ಯಾರ ಅಭ್ಯಂತರವೂ ಇಲ್ಲ. ಲಿಂಗತ್ವವನ್ನು ತಾನೇ ನಿರ್ಧರಿಸುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಮೈಮೇಲೆ ಕೇಸಿದ್ದವರಿಗೆ ಆ ಹಕ್ಕಿಲ್ಲ ಎಂದು ತೀರ್ಪು ಎಲ್ಲೂ ಹೇಳಿಲ್ಲ.

ಸಿಮ್, ಆಧಾರ್, ಬ್ಯಾಂಕು

ತಿಂಗಳುಗಟ್ಟಲೆ ರೀಚಾರ್ಜ್ ಕಾಣದ ಸಂಖ್ಯೆಯನ್ನು ಕಂಪನಿಯವರು ನಿಲ್ಲಿಸಿ ಬೇರೆಯವರಿಗೆ ಕೊಟ್ಟಿರಬಹುದು. ನಿಮ್ಮ ಆಧಾರ್‌ನ ಒಟಿಪಿ ಆಗ ಯಾರದೋ ಮೊಬೈಲಿಗೆ ಹೋಗುತ್ತದೆ. ಮೊದಲು ನಿಮ್ಮದೇ ಹೆಸರಿನಲ್ಲಿ ಸಿಮ್ ಪಡೆಯಿರಿ, ಆಮೇಲೆ ಆಧಾರ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಟ್ಟು ಹೊಸ ಸಂಖ್ಯೆ ಸೇರಿಸಿ. ಗುರುವಿನ ಅಥವಾ ಗೆಳೆಯನ ಸಂಖ್ಯೆ ಕೊಡಬೇಡಿ; ನಾಳೆ ಮನಸ್ತಾಪವಾದರೆ ನಿಮ್ಮ ಪಿಂಚಣಿಯ ಸಂದೇಶವೂ ಅವರ ಕೈಯಲ್ಲಿರುತ್ತದೆ. ಆಧಾರ್ ವಿಚಾರಕ್ಕೆ ಸಹಾಯವಾಣಿ 1947.

ಎರಡು ವರ್ಷಕ್ಕೂ ಹೆಚ್ಚು ವಹಿವಾಟಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹಣ ಎಲ್ಲಿಗೂ ಹೋಗುವುದಿಲ್ಲ. ಶಾಖೆಗೆ ಹೋಗಿ ಕೆವೈಸಿ ಮಾಡಿಸಿದರೆ ಖಾತೆ ಮತ್ತೆ ಚಾಲ್ತಿಗೆ ಬರುತ್ತದೆ, ಅದಕ್ಕೆ ಶುಲ್ಕ ಕೇಳುವಂತಿಲ್ಲ. ತನಿಖೆಯ ವೇಳೆ ಪೊಲೀಸರು ಖಾತೆ ತಡೆಹಿಡಿದಿದ್ದರೆ ಮಾತ್ರ ಕೋರ್ಟಿನಿಂದ ಬಿಡಿಸಬೇಕು. ಪಡಿತರ ಚೀಟಿಯಲ್ಲಿ ಹೆಸರು ಇನ್ನೂ ಇದೆಯೇ ಎಂದೂ ನೋಡಿಕೊಳ್ಳಿ.

ವಿಳಾಸದ ಪುರಾವೆಯೇ ಇಲ್ಲದ ಲೈಂಗಿಕ ಕಾರ್ಮಿಕರಿಗೆ ಒಂದು ವಿಶೇಷ ದಾರಿ ಇದೆ. ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವರಿಗೆ ಆಧಾರ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ. ನಿಮ್ಮ ಊರಿನಲ್ಲಿ ಕಾಂಡೋಮ್ ಹಂಚಲು ಬರುವ ಸಮುದಾಯ ಸಂಘಟನೆಯವರನ್ನು ಕೇಳಿದರೆ ಅವರೇ ಮುಂದೆ ನಿಂತು ಮಾಡಿಸಿಕೊಡಬಲ್ಲರು.

ಜಿಲ್ಲಾಧಿಕಾರಿಯ ಪ್ರಮಾಣಪತ್ರ

2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಗುರುತಿನ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಕೊಡುತ್ತಾರೆ. ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹಾಕಬಹುದು. ಆಧಾರ್ ತಿದ್ದುಪಡಿಗೆ ಇದು ದಾಖಲೆಯಾಗುತ್ತದೆ, ಯೋಜನೆಗಳ ಅರ್ಜಿಗಳಿಗೂ ಇದೇ ಆಧಾರ. 2020ರ ನಿಯಮಗಳು ಪ್ರಮಾಣಪತ್ರಕ್ಕೆ ದೇಹ ಪರೀಕ್ಷೆ ಬೇಡವೆಂದವು, ಸ್ವಯಂಘೋಷಣೆಯ ಅಫಿಡವಿಟ್ ಸಾಕೆಂದವು. ಈ ಕಾನೂನು ತಿದ್ದುಪಡಿಗೆ ಒಳಗಾಗುತ್ತಲೇ ಇರುವುದರಿಂದ ಮೂರು ವರ್ಷದ ಹಿಂದೆ ಚೀಟಿ ಮಾಡಿಸಿದವರ ಮಾತನ್ನೇ ನಂಬಿ ಹೊರಡಬೇಡಿ. ಇಂದು ಯಾವ ನಿಯಮ ಜಾರಿಯಲ್ಲಿದೆ, ಯಾವ ಕಾಗದ ಬೇಕು ಎಂದು ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ ಅರ್ಜಿ ತುಂಬಿ.

ಜೈಲಿನಿಂದ ಬಂದವರು ಎಡವುವುದು ವಾಸಸ್ಥಳದ ವಿಚಾರದಲ್ಲಿ. 2020ರ ನಿಯಮದಲ್ಲಿ ಅರ್ಜಿದಾರರು ಆ ಜಿಲ್ಲೆಯಲ್ಲಿ ಸತತ ಹನ್ನೆರಡು ತಿಂಗಳು ವಾಸವಿದ್ದಿರಬೇಕು. ರಾಯಚೂರಿನವಳು ಪರಪ್ಪನ ಅಗ್ರಹಾರದಲ್ಲಿ ಎರಡು ವರ್ಷ ಕಳೆದಿದ್ದರೆ ಅವಳು ಎಲ್ಲಿಯವಳು? ಕಚೇರಿಯ ಗುಮಾಸ್ತರಿಗೂ ಗೊತ್ತಿರುವುದಿಲ್ಲ. ಕಾಗದಪತ್ರಗಳು ಯಾವ ಜಿಲ್ಲೆಯ ವಿಳಾಸದಲ್ಲಿವೆಯೋ ಅಲ್ಲೇ ಅರ್ಜಿ ಹಾಕುವುದು ಜಾಣತನ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಎಲ್ಲಿ ಇರುವುದು

ಬಹುತೇಕರಿಗೆ ಮೊದಲ ರಾತ್ರಿಯ ಆಸರೆ ಗುರುವಿನ ಮನೆ ಅಥವಾ ಹಮಾಮ್, ಅಂದರೆ ನಮ್ಮವರು ಒಟ್ಟಾಗಿ ಇರುವ ಸ್ನಾನದ ಮನೆ. ರಕ್ತಸಂಬಂಧಿಗಳು ಜೈಲಿನ ಮುಲಾಖತ್‌ಗೂ (ಭೇಟಿಗೂ) ಬಾರದಿದ್ದಾಗ ವಕೀಲರ ಹಣ ಕಟ್ಟಿದವರು, ಜೈಲಿಗೆ ಸೋಪು, ಬಟ್ಟೆ ಕಳಿಸಿದವರು ಅವರೇ. ಆ ಋಣ ದೊಡ್ಡದು. ಹೆಚ್ಚಿನ ಕಡೆ ಅದಕ್ಕೊಂದು ಲೆಕ್ಕವೂ ಇರುತ್ತದೆ. ಆ ಲೆಕ್ಕ ಬಾಯಿಮಾತಿನಲ್ಲಿ ಬೆಳೆಯಲು ಬಿಡಬೇಡಿ. ಬಂದ ವಾರದೊಳಗೆ, ಜಗಳದ ದಿನ ನೋಡದೆ, ಒಳ್ಳೆಯ ಹೊತ್ತು ನೋಡಿ ‘ಅಮ್ಮಾ, ನನ್ನ ಕೇಸಿಗೆ ಎಷ್ಟು ಖರ್ಚಾಯಿತು ಬರೆದುಕೊಡಿ, ತಿಂಗಳಿಗೆ ಇಷ್ಟು ಕೊಡುತ್ತೇನೆ’ ಎಂದು ಕೇಳಿ. ಕೊಟ್ಟಾಗಲೆಲ್ಲ ಅದರ ಕೆಳಗೇ ಬರೆಸಿ. ಹೀಗೆ ಕೇಳಿದರೆ ಬೇಸರ ಮಾಡಿಕೊಳ್ಳುವ ಗುರುಗಳಿದ್ದಾರೆ, ‘ನಿನ್ನಂಥ ಮಗಳು ಇರಲಿ’ ಎನ್ನುವವರೂ ಇದ್ದಾರೆ. ನಿಮ್ಮನ್ನು ಜೈಲಿಗೆ ಕಳಿಸಿದ ಕೆಲಸವನ್ನೇ ಸಾಲ ತೀರಿಸಲು ಮತ್ತೆ ಮಾಡು ಎನ್ನುವ ಮನೆಯಾದರೆ ಮಾತ್ರ ಜಮಾತಿನ (ಸಮುದಾಯದ ಪಂಚಾಯಿತಿಯ) ಹಿರಿಯರನ್ನೋ ಹೊರಗಿನ ಸಂಘಟನೆಯನ್ನೋ ನಡುವೆ ತನ್ನಿ. ಬೆಂಗಳೂರಿನಲ್ಲಿ ಸಂಗಮ, ಜೀವ, ಪಯಣ, ಒಂದೆಡೆ, ಮೈಸೂರಿನಲ್ಲಿ ಆಶೋದಯ ಸಮಿತಿ ಇಂಥ ಸಂಕಟಗಳನ್ನು ಕಂಡು ಬಲ್ಲ ಸಂಸ್ಥೆಗಳು. ಟ್ರಾನ್ಸ್ ಜನರಿಗಾಗಿ ಕೇಂದ್ರ ಸರ್ಕಾರದ ಆಶ್ರಯ ಮನೆಗಳಾದ ಗರಿಮಾ ಗೃಹಗಳು ಪಕ್ಕದ ಮಹಾರಾಷ್ಟ್ರ, ತಮಿಳುನಾಡುಗಳಲ್ಲಿವೆ. ಜಾಮೀನಿನ ಷರತ್ತು ಇರುವವರು ಅಲ್ಲಿಗೆ ಹೋಗುವ ಮೊದಲು ಕೋರ್ಟಿನ ಅನುಮತಿ ಪಡೆಯಬೇಕು.

ಬಾಡಿಗೆ ಮನೆ ಹಿಡಿದರೆ ಕರಾರು ಪತ್ರ ನಿಮ್ಮ ಹೆಸರಿನಲ್ಲೇ ಇರಲಿ. ವಿಳಾಸದ ಪುರಾವೆ ಹುಟ್ಟುವುದು ಅಲ್ಲಿಂದಲೇ. ಜೈಲಿನ ವಿಷಯವನ್ನು ಮನೆ ಮಾಲೀಕರಿಗೆ ನೀವಾಗಿ ಹೇಳಬೇಕೆಂದೇನಿಲ್ಲ. ನೇರವಾಗಿ ಕೇಳಿದರೆ ಸುಳ್ಳು ಹೇಳಬೇಡಿ. ಟ್ರಾನ್ಸ್ ಮಹಿಳೆ ಎಂಬ ಕಾರಣಕ್ಕೇ ಮನೆ ಬಿಡಿಸಿದರೆ 2019ರ ಕಾಯ್ದೆಯ 18ನೇ ಕಲಂ ಅನ್ವಯ ದೂರು ಕೊಡಬಹುದು. ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆಯಿದೆ.

ಹೆತ್ತವರ ಮನೆಗೆ ಹೋಗುವ ಆಸೆಯಿದ್ದರೆ ಮೊದಲು ಫೋನ್ ಮಾಡಿ, ಆಮೇಲೆ ಹೋಗಿ.

ಮೈ, ಮನಸ್ಸು

ಜೈಲಿನಲ್ಲಿ ಹಾರ್ಮೋನ್ ನಿಂತುಹೋದವರು ಹೊರಗೆ ಬಂದ ಕೂಡಲೇ ಗೆಳತಿಯ ಮಾತ್ರೆ ಹಂಚಿಕೊಂಡು, ಕಳೆದ ದಿನಗಳನ್ನು ತುಂಬಿಸಲು ಎರಡೆರಡು ನುಂಗುವುದುಂಟು. ರಕ್ತ ಹೆಪ್ಪುಗಟ್ಟುವ ಅಪಾಯ ಇದರಲ್ಲಿದೆ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಿಂದ ಹೊಸದಾಗಿ ಶುರುಮಾಡಿ. ಅಮಲಿನ ಪದಾರ್ಥದ ಅಭ್ಯಾಸ ಇದ್ದವರು ಇನ್ನೊಂದು ಮಾತು ನೆನಪಿಡಬೇಕು: ಒಳಗೆ ಬಿಟ್ಟಿದ್ದರೆ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ. ಮೊದಲ ವಾರದ ಒಂದು ‘ಪಾರ್ಟಿ’ ಜೀವವನ್ನೇ ತೆಗೆಯಬಹುದು.

ಎಚ್‌ಐವಿಯ ಎಆರ್‌ಟಿ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ; ಮಾಹಿತಿಗೆ 1097. ನಿದ್ರೆ ಬಾರದಿದ್ದರೆ, ಬೀಗದ ಸದ್ದು ಕೇಳಿದರೆ ಬೆವರು ಬಂದರೆ, ಸಾಯುವ ಯೋಚನೆ ಬಂದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಒಳಗೆ ನಿಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ ಹೊರಬಂದ ಮೇಲೂ ದೂರು ಕೊಡಬಹುದು. ಟ್ರಾನ್ಸ್ ಕೈದಿಗಳನ್ನು ಹೇಗೆ ಇರಿಸಬೇಕು, ಹೇಗೆ ತಪಾಸಣೆ ಮಾಡಬೇಕು ಎಂದು ಕೇಂದ್ರ ಗೃಹ ಸಚಿವಾಲಯ 2022ರ ಜನವರಿಯಲ್ಲೇ ರಾಜ್ಯಗಳಿಗೆ ಬರೆದಿದೆ; ದೂರಿನಲ್ಲಿ ಅದನ್ನೂ ಉಲ್ಲೇಖಿಸಿ.

ದುಡಿಮೆ

‘ಭಿಕ್ಷೆ ಬಿಡಿ, ದಂಧೆ ಬಿಡಿ, ಗೌರವದಿಂದ ದುಡಿಯಿರಿ’ ಎಂದು ಭಾಷಣ ಮಾಡುವವರು ಕೆಲಸ ಕೊಡುವಾಗ ಕಾಣಿಸುವುದಿಲ್ಲ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ನೋಡೋಣ. ಕೇಸು ನಡೆಯುತ್ತಿರುವಾಗ ಸಿಗ್ನಲ್‌ನಲ್ಲಿ ಕೈಚಾಚುವುದು ಎಲ್ಲಕ್ಕಿಂತ ಅಪಾಯದ ದುಡಿಮೆ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ, ಯಾರಾದರೂ ‘ಬಲವಂತವಾಗಿ ಕಿತ್ತುಕೊಂಡರು’ ಎಂದರೆ ಸುಲಿಗೆಯ ಹೊಸ ಕೇಸು ಬೀಳುತ್ತದೆ, ಹಳೆಯ ಜಾಮೀನೂ ರದ್ದಾಗಬಹುದು. ಲೈಂಗಿಕ ವೃತ್ತಿಗೆ ಮರಳುವವರು ಒಬ್ಬರೇ ಹೋಗಬೇಡಿ. ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿರುವ ವಯಸ್ಕರನ್ನು ಪೊಲೀಸರು ಬೈದು ಹೊಡೆದು ಮಾಡುವಂತಿಲ್ಲ ಎಂದು ಆಧಾರ್ ಕೊಡಲು ಹೇಳಿದ ಸುಪ್ರೀಂ ಕೋರ್ಟಿನ 2022ರ ಮೇ ತಿಂಗಳ ಆದೇಶವೇ ಹೇಳಿದೆ.

ಬೇರೆ ದಾರಿಗಳಲ್ಲಿ ಸುಲಭಕ್ಕೆ ಕೈಗೆಟುಕುವುದು ಸಣ್ಣ ವ್ಯಾಪಾರ: ತಳ್ಳುಗಾಡಿ, ಹೂವು, ತಿಂಡಿ, ಟೈಲರಿಂಗ್. ಇಲ್ಲಿ ಯಾರೂ ಪೊಲೀಸ್ ಪರಿಶೀಲನಾ ಪತ್ರ ಕೇಳುವುದಿಲ್ಲ. ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿಯಲ್ಲಿ ಅಡಮಾನವಿಲ್ಲದ ಸಾಲ ಸಿಗುತ್ತದೆ, ನಗರಸಭೆಯಲ್ಲಿ ವಿಚಾರಿಸಿ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮವು ಲಿಂಗತ್ವ ಅಲ್ಪಸಂಖ್ಯಾತರ ಸ್ವಉದ್ಯೋಗಕ್ಕೆ ನೆರವು ಕೊಡುತ್ತದೆ. ಟ್ರಾನ್ಸ್ ಜನರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ವಯಸ್ಸಿನ, ಆದಾಯದ ಮಿತಿಗಳನ್ನು ಅಲ್ಲೇ ಕೇಳಿ. ಶಕ್ತಿ ಯೋಜನೆ 2023ರ ಜೂನ್ 11ರಿಂದ ನಿಮಗೂ ಅನ್ವಯಿಸುತ್ತದೆ: ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಕೋರ್ಟಿಗೂ ಠಾಣೆಗೂ ಓಡಾಡುವವರಿಗೆ ಇದು ಸಣ್ಣ ಉಳಿತಾಯವಲ್ಲ.

ಸರ್ಕಾರಿ ನೌಕರಿಯಲ್ಲಿ 2021ರಿಂದ ಶೇ 1ರಷ್ಟು ಮೀಸಲಾತಿ ಇದೆ, ಪ್ರತಿ ಪ್ರವರ್ಗದ ಒಳಗೂ. ಅರ್ಜಿಯಲ್ಲಿ ‘ನಿಮ್ಮ ಮೇಲೆ ಪ್ರಕರಣವಿದೆಯೇ’ ಎಂಬ ಅಂಕಣ ಬಂದಾಗ ನಿಜವನ್ನೇ ಬರೆಯಿರಿ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಖುಲಾಸೆಯಾದ ಕೇಸಿಗೂ ನೌಕರಿ ಹೋಗಬಹುದು.

ಪೊಲೀಸರು ಮತ್ತೆ ಬಂದಾಗ

ಪ್ರದೇಶದಲ್ಲಿ ಏನೇ ಕಳವಾದರೂ ಜೈಲಿಗೆ ಹೋಗಿ ಬಂದವಳ ಬಾಗಿಲು ಬಡಿಯುತ್ತಾರೆ. ‘ಠಾಣೆಗೆ ಬಾ’ ಎಂದರೆ ನೋಟಿಸ್ ಕೇಳಿ, ವಕೀಲರಿಗೆ ಫೋನ್ ಮಾಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಬರೆಯದ ಹಾಳೆಗೆ ಸಹಿ ಹಾಕಬೇಡಿ. ಮುಂಜಾಗ್ರತೆಯ ಹೆಸರಿನಲ್ಲಿ ಬಾಂಡ್ ಬರೆಸಿಕೊಳ್ಳುವ ‘ಸೆಕ್ಯುರಿಟಿ ಕೇಸ್’ ಹಾಕಿದರೆ ಅದನ್ನೂ ವಕೀಲರಿಗೆ ತೋರಿಸಿ, ಸಣ್ಣದೆಂದು ಬಿಡಬೇಡಿ. ಬಾಂಡ್ ಮುರಿದರೆ ಹಣ ಕಟ್ಟಬೇಕಾಗುತ್ತದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36–ಎ ಕಲಂ ಸೇರಿಸಿ ನಮ್ಮವರ ಹೆಸರು, ವಿಳಾಸಗಳ ಪಟ್ಟಿ ಇಡಲು ಅವಕಾಶ ಮಾಡಲಾಗಿತ್ತು. ಸಮುದಾಯ ಹೈಕೋರ್ಟಿಗೆ ಹೋದ ಮೇಲೆ ಸಮುದಾಯವನ್ನೇ ಗುರಿಮಾಡಿದ ಪದವನ್ನು ತೆಗೆಯಲಾಯಿತು. ‘ನಿಮ್ಮವರೆಲ್ಲರ ಫೋಟೊ ಠಾಣೆಯಲ್ಲಿ ಇರಬೇಕು’ ಎಂದು ಇಂದಿಗೂ ಹೇಳುವ ಸಿಬ್ಬಂದಿಗೆ ಈ ಸಂಗತಿಯನ್ನು ನಯವಾಗಿ ನೆನಪಿಸಬಹುದು. ರೌಡಿ ಶೀಟ್ ತೆರೆದಿದ್ದರೆ ಅದನ್ನು ಮುಚ್ಚುವಂತೆ ಜಿಲ್ಲೆಯಲ್ಲಿ ಎಸ್‌ಪಿಗೆ, ಬೆಂಗಳೂರಿನಲ್ಲಿ ಡಿಸಿಪಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಲ್ಲೆಯಾದರೆ ಮೊದಲು ಸರ್ಕಾರಿ ಆಸ್ಪತ್ರೆ, ಗಾಯದ ದಾಖಲೆ. ಆಮೇಲೆ ರಾಜ್ಯ ಮಾನವ ಹಕ್ಕುಗಳ ಆಯೋಗ ಅಥವಾ ಪೊಲೀಸ್ ದೂರು ಪ್ರಾಧಿಕಾರ.

ಕೇಸು ಮುಗಿದ ದಿನ

ತೀರ್ಪಾದ ದಿನ ಎಲ್ಲರೂ ಸಿಹಿ ಹಂಚಿ ಮನೆಗೆ ಹೋಗುತ್ತಾರೆ, ಕಾಗದ ಅಲ್ಲೇ ಉಳಿಯುತ್ತದೆ. ತೀರ್ಪಿನ ದೃಢೀಕೃತ ಪ್ರತಿಗೆ ಅಂದೇ ಅರ್ಜಿ ಹಾಕಿ. ಶಿಕ್ಷೆಯಾಗಿದ್ದರೆ ಮೇಲ್ಮನವಿಗೆ ಕಾಲಮಿತಿ ಇರುತ್ತದೆ, ಪ್ರತಿಯ ಅರ್ಜಿಯನ್ನೂ ಮೇಲ್ಮನವಿಯ ಮಾತನ್ನೂ ವಕೀಲರ ಜೊತೆ ಆ ದಿನವೇ ಮುಗಿಸಿಕೊಳ್ಳಿ. ಖುಲಾಸೆಯಾಗಿದ್ದರೆ ಕಟ್ಟಿದ ನಗದು ಭದ್ರತೆ, ಜಪ್ತಿಯಾದ ಒಡವೆ, ಮೊಬೈಲ್, ಜಾಮೀನುದಾರರು ಇಟ್ಟ ಮೂಲ ದಾಖಲೆ ಇವೆಲ್ಲವನ್ನೂ ಕೇಳಿ ವಾಪಸು ಪಡೆಯಬೇಕು, ತಾನಾಗಿ ಮನೆಗೆ ಬರುವುದಿಲ್ಲ. ಖಾತರಿ ಬಾಂಡ್ ಮೇಲ್ಮನವಿ ಅವಧಿ ಮುಗಿಯುವವರೆಗೂ ಜಾರಿಯಲ್ಲಿರುವುದುಂಟು. ಎಂದು ಬಿಡುಗಡೆ ಎಂದು ವಕೀಲರಿಂದ ತಿಳಿದು ಜಾಮೀನುದಾರರಿಗೂ ಹೇಳಿ. ತೀರ್ಪಿನ ಪ್ರತಿಯೊಂದನ್ನು ಠಾಣೆಗೆ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ, ಇನ್ನೊಂದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ರಾತ್ರಿ ಗಸ್ತಿನವರು ಹಳೆಯ ಹೆಸರು ಹೇಳಿ ‘ನಿನ್ನ ಮೇಲೆ ಕೇಸಿದೆಯಲ್ಲ’ ಎಂದಾಗ ಅದನ್ನೇ ತೋರಿಸಬೇಕಾಗುತ್ತದೆ.